ಸಮುದ್ರ ತೋರಿಸುವ ಕನ್ನಡಕ

ಐದು ನಿಮಿಷ ಬಿಡುವಿದ್ದಾಗ ಓದಿ... ಬಸ್ಸು ಹತ್ತುವ ಅವಸರದಲ್ಲಿ ಬೇಡ.

ಹುಬ್ಬಳ್ಳಿ ಕಡೆಯ ಒಂದು ಆಸ್ಪತ್ರೆ. ಸುಟ್ಟ ಗಾಯವಾದ ಮಕ್ಕಳ ವಾರ್ಡು.

ಅಲ್ಲಿ ಸುಗಂಧಾ ಸಿಸ್ಟರ್ ಅಂತ ಒಬ್ಬರಿದ್ದರು. ಇಪ್ಪತ್ಮೂರು ವರ್ಷದ ಸರ್ವಿಸ್. ಸೊಂಟ ನೋವು, ಮಂಡಿ ನೋವು, ಬಿಪಿ ಮಾತ್ರೆ... ಇವು ಆ ಸರ್ವಿಸ್ ಕೊಟ್ಟ ಬಳುವಳಿ.

ಆದರೆ ಅವರನ್ನು ಹಣ್ಣು ಮಾಡಿದ್ದು ಅದ್ಯಾವುದೂ ಅಲ್ಲ.

ಅವರ ಬಿಳಿ ಕೋಟು ಕಂಡರೆ ಸಾಕು, ಮಕ್ಕಳು ಅಳಲು ಶುರು ಮಾಡುತ್ತಿದ್ದವು. ತಾಯಂದಿರು ತುತ್ತು ತಿನ್ನಿಸುತ್ತಿದ್ದದ್ದೇ ಹೀಗೆ... "ಉಣ್ಣತೀಯೋ, ಸಿಸ್ಟರ್‌ನ ಕರೀಲೋ?"

ಗಾಯಕ್ಕೆ ಅಂಟಿದ ಬಟ್ಟೆ ಬಿಡಿಸಬೇಕು, ತೊಳೆಯಬೇಕು, ಹೊಸದು ಕಟ್ಟಬೇಕು. ನೋವಿನ ಔಷಧಿ ಕೊಟ್ಟರೂ ಮಕ್ಕಳು ಚೀರುತ್ತಿದ್ದವು. ಇಬ್ಬರು ಕೈಕಾಲು ಅದುಮಿ ಹಿಡಿಯುತ್ತಿದ್ದರು.

ಹಿಡಿಯುವ ಮೊದಲು ಎಲ್ಲರೂ ಹೇಳುವ ಮಾತು ಒಂದೇ.

"ಏನೂ ಆಗಂಗಿಲ್ಲ ಪುಟ್ಟಿ... ಇರುವಿ ಕಚ್ಚಿದಂಗ, ಅಷ್ಟ."

ಸುಗಂಧಾ ಸಿಸ್ಟರ್ ಈ ಸುಳ್ಳನ್ನು ಎಷ್ಟು ಸಾವಿರ ಸಲ ಹೇಳಿದ್ದರೋ...

ಆ ತಿಂಗಳು ತನುಜಾ ಬಂದಳು. ಆರು ವರ್ಷ. ಸ್ನಾನಕ್ಕೆ ಕಾಯಿಸಿದ ನೀರು ಬಲಗಾಲಿನ ಮೇಲೆ ಬಿದ್ದಿತ್ತು. ದಿನ ಬಿಟ್ಟು ದಿನ ಡ್ರೆಸಿಂಗ್.

ಪ್ರತಿ ಸಲ ಒದ್ದಾಡುತ್ತಿದ್ದಳು. ಆಗಷ್ಟೇ ಕೂಡುತ್ತಿದ್ದ ಚರ್ಮ ಕಿತ್ತು ರಕ್ತ ಬರುತ್ತಿತ್ತು.

ಡಾಕ್ಟರ್ ಮೇಡಂ ಅವಳ ಅವ್ವನಿಗೆ ಹೇಳಿಯೇಬಿಟ್ಟರು. "ಹಿಂಗ ಕಾಲು ಜಾಡಿಸಿದ್ರ ಗಾಯ ಮಾಯಂಗಿಲ್ಲ. ಆಪರೇಷನ್ ಮಾಡಬೇಕಾಗ್ತೈತಿ ನೋಡವ್ವ."

ಅದೇ ವಾರ ವಾರ್ಡಿಗೆ ಒಂದು ಡಬ್ಬಿ ಬಂತು. ಒಳಗೆ ವಿಆರ್ ಅನ್ನುವ ದಪ್ಪ ಕನ್ನಡಕ. ಕಣ್ಣಿಗೆ ಕಟ್ಟಿಕೊಂಡರೆ ಆಸ್ಪತ್ರೆ ಕಾಣುವುದಿಲ್ಲ. ತಲೆ ಎತ್ತ ತಿರುಗಿಸಿದರೂ ಸಮುದ್ರ, ಬಣ್ಣಬಣ್ಣದ ಮೀನು. ಮನಸ್ಸು ಆ ಕಡೆ ಹೋದರೆ ನೋವು ಕಡಿಮೆ ಅನ್ನಿಸುತ್ತದಂತೆ.

ತನುಜಾಗೇ ಮೊದಲು ಕಟ್ಟಿದರು.

"ಇವತ್ತ ಡ್ರೆಸಿಂಗ್ ಇಲ್ಲ. ಸುಮ್ನ ಮೀನ ನೋಡು" ಅಂದರು ಸುಗಂಧಾ ಸಿಸ್ಟರ್.

ಹುಡುಗಿ ನಕ್ಕಳು! ಆ ರೂಮಿನಲ್ಲಿ ಒಂದು ಮಗು ನಕ್ಕಿದ್ದನ್ನು ಯಾರೂ ಕೇಳಿರಲಿಲ್ಲ.

ಇದೇ ಸಮಯ ಅಂತ ಮೇಡಂ ಕಣ್ಸನ್ನೆ ಮಾಡಿದರು. ಸಿಸ್ಟರ್ ಮೆಲ್ಲಗೆ ಬಟ್ಟೆ ಎತ್ತಿದರು...

ಮಗು ಚಿಟ್ಟನೆ ಚೀರಿತು. ಕನ್ನಡಕ ಕಿತ್ತೆಸೆಯಿತು. ಕಾಲು ಟ್ರೇಗೆ ಬಡಿದು ಮತ್ತೆ ರಕ್ತ.

ಅವತ್ತಿನಿಂದ ಆ ಡಬ್ಬಿ ಕಂಡರೂ ತನುಜಾ ಅಳತೊಡಗಿದಳು. ಸಿಕ್ಕಿದ್ದ ಒಂದು ನಗುವೂ ಹೋಯಿತು. ಮಷೀನು ದಂಡ ಅಂತ ಎಲ್ಲರೂ ಅಂದರು. ಡಬ್ಬಿ ಕಪಾಟು ಸೇರಿತು.

ಮತ್ತೆ ಡ್ರೆಸಿಂಗ್ ದಿನ ಬಂತು. ಮಧ್ಯಾಹ್ನ ಮೂರು ಗಂಟೆ. ಸಿಸ್ಟರ್ ಇನ್ನೂ ಊಟ ಮಾಡಿರಲಿಲ್ಲ. ಹಿಡಿಯುವ ಇಬ್ಬರು ತೋಳು ಮಡಚಿಕೊಂಡು ಬಂದು ನಿಂತರು.

"ನೀವು ಸ್ವಲ್ಪ ಹೊರಗ ಇರ್ರಿ" ಅಂದರು ಸಿಸ್ಟರ್. ಡಬ್ಬಿ ತಂದು ಮಗುವಿನ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತರು.

ಅವರಿಗೆ ಜ್ಞಾನೋದಯವೇನೂ ಆಗಿರಲಿಲ್ಲ... ದಣಿವಾಗಿತ್ತು. ಸುಳ್ಳು ಹೇಳುವುದಕ್ಕೂ ತ್ರಾಣ ಬೇಕಲ್ಲವೇ?

"ತನೂ... ಅವತ್ತ ನಾ ನಿನಗ ಮೋಸ ಮಾಡಿದೆ. ತಪ್ಪಾತು."

ಡಬ್ಬಿ ಕಂಡ ಮಗು ಅಳುತ್ತಲೇ ಇತ್ತು.

"ಇವತ್ತ ಡ್ರೆಸಿಂಗ್ ಐತಿ. ನೋವಾಗ್ತೈತಿ. ಇರುವಿ ಕಚ್ಚಿದಂಗ ಅಲ್ಲ... ಜೋರ ನೋವಾಗ್ತೈತಿ."

ಅವಳ ಅವ್ವ ಗಾಬರಿಯಾದಳು. "ಏನ್ ಹೇಳಾಕತ್ತೀರಿ ಸಿಸ್ಟರ್! ಕೂಸು ಅಂಜತೈತ್ರಿ!"

"ಅಂಜೇ ಐತಲ್ಲವ್ವ. ಇನ್ನೆಷ್ಟ ಅಂಜಬೇಕು?"

ಮತ್ತೆ ಮಗುವಿನ ಕಡೆ ತಿರುಗಿದರು. "ಇದನ್ನ ಹಾಕ್ಕೊಂಡ್ರ ನೋವು ಪೂರಾ ಹೋಗಂಗಿಲ್ಲ, ಸ್ವಲ್ಪ ಮರೀತೈತಿ. ನಿನಗ ಹೇಳದ ನಾ ಕಾಲು ಮುಟ್ಟಂಗಿಲ್ಲ. ನೀ ಕೈ ಎತ್ತಿದ್ರ ನಿಲ್ಲಸ್ತೀನಿ."

ತನುಜಾ ಅಳು ನಿಲ್ಲಿಸಿ ಕೇಳಿದಳು, "ಖರೇನ ನಿಲ್ಲಸ್ತೀರಿ?"

"ಖರೇನ."

ತಾನೇ ಕೈ ಚಾಚಿ ಕನ್ನಡಕ ತೆಗೆದುಕೊಂಡು ಕಟ್ಟಿಕೊಂಡಳು.

"ಈಗ ಮುಟ್ಟತೀನಿ ನೋಡು ತನೂ" ಅಂದರು ಸಿಸ್ಟರ್. ಬೆರಳು ತಾಗುವ ಮೊದಲೇ ಪುಟ್ಟ ಕೈ ಮೇಲೆ ಹೋಯಿತು!

ಸಿಸ್ಟರ್ ನಿಲ್ಲಿಸಿದರು. ಎರಡೂ ಕೈ ತೊಡೆಯ ಮೇಲಿಟ್ಟು ಕುಳಿತರು.

ಮತ್ತೆ ಶುರು... ಮತ್ತೆ ಕೈ ಮೇಲೆ. ಮತ್ತೆ ನಿಲ್ಲಿಸಿದರು.

ಹೀಗೇ ನಾಲ್ಕು ಸಲ. ಹೊರಗೆ ಕಾಯುತ್ತಿದ್ದವರ ಗೊಣಗಾಟ ಕೇಳುತ್ತಿತ್ತು. ಮಗು ತಮ್ಮನ್ನು ಪರೀಕ್ಷೆ ಮಾಡುತ್ತಿದೆ ಅಂತ ಸಿಸ್ಟರ್‌ಗೆ ಗೊತ್ತಾಗಿತ್ತು.

ಐದನೇ ಸಲ ಕೈ ಏಳಲಿಲ್ಲ.

"ದೊಡ್ಡ ಮೀನ ಬಂತ್ರೀ..." ಅಂತ ಬಿಕ್ಕುತ್ತಲೇ ಹೇಳಿದಳು. ಬಟ್ಟೆ ಬಿಟ್ಟಿತು. ಕಾಲು ಜಾಡಿಸಲಿಲ್ಲ. ನಡುವೆ ಎರಡು ಸಲ ಕೈ ಎದ್ದಿತು, ಎರಡು ಸಲವೂ ಸಿಸ್ಟರ್ ನಿಲ್ಲಿಸಿದರು. ಯಾರೂ ಅವಳನ್ನು ಹಿಡಿದಿರಲಿಲ್ಲ. ಕೂಡುತ್ತಿದ್ದ ಚರ್ಮ ಅವತ್ತು ಕಿತ್ತು ಬರಲಿಲ್ಲ.

ಕನ್ನಡಕ ತೆಗೆದಾಗ ಮಗುವಿನ ಕೆನ್ನೆಯೆಲ್ಲ ಒದ್ದೆ.

"ಭಾಳ ನೋವಾತೇನವ್ವ?"

"ಹೂಂ... ಭಾಳ ಆತು. ಆದ್ರ ನೀವು ಹೇಳಿದಷ್ಟ ಆತ್ರಿ."

ಮೂಗು ಒರೆಸಿಕೊಂಡು ಮತ್ತೆ ಹೇಳಿದಳು...

"ನಾಡದ್ದೂ ನೀವ ಬರ್ರಿ. ಬ್ಯಾರೇರು ಬ್ಯಾಡ."

ಇಪ್ಪತ್ಮೂರು ವರ್ಷದಲ್ಲಿ ಯಾವ ಮಗುವೂ ಅವರಿಗೆ "ಬರ್ರಿ" ಅಂದಿರಲಿಲ್ಲ.

ಸಿಸ್ಟರ್ ಕೈ ತೊಳೆಯುವ ನೆಪದಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತರು. ಆಮೇಲೆ ಮುಖ ಒರೆಸಿಕೊಂಡು ಮುಂದಿನ ಮಗುವಿನ ಹೆಸರು ಕರೆದರು...

*ನೋವು ಮರೆಸಲು ಯಂತ್ರ ಸಿಗಬಹುದು... ಆದರೆ ಮಗು ಅದನ್ನು ನಂಬಿ ಕಟ್ಟಿಕೊಳ್ಳಬೇಕಾದರೆ, ಸುಳ್ಳು ಹೇಳದ ಒಬ್ಬರು ಪಕ್ಕದಲ್ಲಿರಬೇಕು.*

ನಿಮ್ಮ ಮನೆಯ ಮಗುವಿಗೆ ನೀವು ಕಡೆಯ ಸಲ "ಏನೂ ಆಗಲ್ಲ" ಅಂದಿದ್ದು ಯಾವಾಗ? ಆಗ ಅದು ನಿಮ್ಮ ಮುಖವನ್ನು ಹೇಗೆ ನೋಡಿತ್ತು... ನೆನಪಿದೆಯೇ?