ಒಂದೇ ಮೂಟೆ

ಎಡಸೀಟಿನಲ್ಲಿ ಮೂಟೆ ಇರಲಿಲ್ಲ. ಬಲಸೀಟಿನಲ್ಲಿ, ಸ್ಟಿಯರಿಂಗ್ ಹಿಂದೆ, ಬೆಲ್ಟ್ ಹಾಕಿ ಕೂರಿಸಿದ ಒಂದೇ ಒಂದು ಮರಳಿನ ಮೂಟೆ. ಗಂಡನಿಗೆ ಚಹಾ ಕೊಡಲು ಶೆಡ್ಡಿಗೆ ಬಂದ ನೊಲೀನ್ ಗಾಡಿಯ ಕಿಟಕಿಯ ಬಳಿ ಹಾಗೇ ನಿಂತಳು.

ಬೇರೆ ಹೆಂಡತಿಯಾಗಿದ್ದರೆ ಮೂಟೆಯನ್ನು ಮೂಟೆ ಎಂದುಕೊಂಡು, ಚಹಾ ಇಟ್ಟು ಹೋಗುತ್ತಿದ್ದಳು. ನೊಲೀನ್ ಹಾಗೆ ಹೋಗುವಂತಿರಲಿಲ್ಲ. ಡಾಲ್ಬಿ ಊರಿನಲ್ಲಿ ಗಂಡ ಡೆಸ್ ಗಾಡಿಗಳ ಟಿಂಕರಿಂಗ್ ಅಂಗಡಿ ನಡೆಸಿದಷ್ಟು ಕಾಲವೂ ಮೂಟೆಗೆ ಮರಳು ತುಂಬಿದವಳು ಅವಳೇ. ಹಳೆಯ ಗಾಡಿಯ ಬಾಗಿಲಿನ ಸಂದನ್ನು ಖಾಲಿ ಗಾಡಿಯಲ್ಲಿ ಸರಿಮಾಡಬಾರದು ಎನ್ನುವುದು ಡೆಸ್‌ನ ಹಠ. ಜನ ಹತ್ತಿ ಕುಳಿತರೆ ಗಾಡಿಯ ಮೈ ಜಗ್ಗುತ್ತದೆ. ಕಷ್ಟಪಟ್ಟು ಹೊಂದಿಸಿದ ಸಂದು ಮೇಲುಗಡೆ ಬಾಯಿ ಬಿಡುತ್ತದೆ, ಕೆಳಗಡೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಯಾರು ಯಾವ ಸೀಟಿನಲ್ಲಿ ಪ್ರಯಾಣ ಮಾಡುತ್ತಾರೋ ಅವರ ತೂಕದ ಮೂಟೆ ಆ ಸೀಟಿನಲ್ಲಿ ಕೂರಬೇಕು. ಆಮೇಲೆಯೇ ಕೀಲು ಬಿಗಿಯುವುದು, ಪುಟ್ಟಿ ಮೆತ್ತುವುದು. ಮೂಟೆ ಇಲ್ಲದ ಸೀಟು ಎಂದರೆ ಆಳಿಲ್ಲದ ಸೀಟು.

ಆ ಮೋಟರ್‌ಹೋಮ್ ವಯಸ್ಸಿನಲ್ಲಿ ಅವರಿಬ್ಬರಿಗಿಂತ ಸ್ವಲ್ಪವೇ ಚಿಕ್ಕದು. ತಗಡಿನ ಮೂತಿ, ಬೆನ್ನ ಮೇಲೊಂದು ಪುಟ್ಟ ಮನೆ. ಡೆಸ್ ಅಂಗಡಿ ಮುಚ್ಚಿದ ವರ್ಷ ಕೊಂಡದ್ದು. ಬರುವ ಜೂನಿನಲ್ಲಿ ಚಳಿಗಾಲ ಬಂದೊಡನೆ ಇಬ್ಬರೂ ಹೊರಟು, ಕೆಂಪು ಧೂಳನ್ನೆಲ್ಲ ದಾಟಿ, ದೇಶದ ಆಚೆ ತುದಿಯ ಬ್ರೂಮ್‌ನಲ್ಲಿ ಕಡಲು ನೋಡುವುದೆಂದು ಮಾತಾಗಿತ್ತು. ಮದುವೆಯಾದಂದಿನಿಂದ ಡಾಲ್ಬಿ ಬಿಟ್ಟು ಕದಲದ ನೊಲೀನ್‌ಗೆ ಉಳಿದಿದ್ದ ಆಸೆ ಅದೊಂದೇ. ಕಿಟಕಿಗಳಿಗೆ ಹಳದಿ ಪರದೆಯನ್ನೂ ಹೊಲಿದಿಟ್ಟಿದ್ದಳು.

ಈಗ ಒಂದೊಂದೇ ನೆನಪಾಯಿತು. ಈ ಮುದುಕ ಇದ್ದಕ್ಕಿದ್ದಂತೆ ಸಣ್ಣಗಾಗಿದ್ದ. ಬಿಯರ್ ಬಿಟ್ಟಿದ್ದ. ಅದೇ ಹೊತ್ತಿಗೆ ಇವಳ ಮೈ ಅವನ ಕಣ್ಣಿಗೆ ಬಿದ್ದಿತ್ತು, ಕೋಳಿ ಆಹಾರದ ಅಂಗಡಿಯಲ್ಲಿ ಎಲ್ಲರೆದುರು ಇವಳನ್ನು ತಕ್ಕಡಿ ಹತ್ತಿಸಿ, "ಕೋಳಿಗೆ ತಂದಿದ್ದನ್ನೆಲ್ಲ ನೀನೇ ತಿಂತೀಯೇನೆ?" ಎಂದು ಹಲ್ಲು ಕಿರಿದಿದ್ದ. ಗ್ಯಾಸ್ ಸಿಲಿಂಡರ್ ಬದಲಿಸುವುದು, ಟೈರಿನ ಗಾಳಿ ನೋಡುವುದು, ಈ ದೊಡ್ಡ ಗಾಡಿಯನ್ನು ರಿವರ್ಸ್ ತೆಗೆಯುವುದು, ಎಲ್ಲವನ್ನೂ ಕಲಿ ಕಲಿ ಎಂದು ಜೀವ ತಿಂದಿದ್ದ. ಬಿಟ್ಟುಹೋಗುವವನ ಏರ್ಪಾಡಲ್ಲದೆ ಇನ್ನೇನು?

ಸಾಲದ್ದಕ್ಕೆ ಆಗಾಗ ಹತ್ತಿರದ ದೊಡ್ಡ ಊರು ಟೂವೂಂಬಕ್ಕೆ ಹೋಗುತ್ತಿದ್ದ. ಹಳೇ ಕೀಲು ಹುಡುಕಲು ಎನ್ನುತ್ತಿದ್ದ. ಅಲ್ಲಿರುವ ಗೆಳತಿ ಮ್ಯಾಕ್ಸೀನ್ ಒಂದು ದಿನ ಫೋನ್ ಮಾಡಿ, "ನೊಲ್, ಹೇಳ್ಬಾರ್ದು, ಆದ್ರೂ ಹೇಳ್ತೀನಿ. ನಿನ್ನ ಗಂಡ ಗುಲಾಬಿ ಗಿಡ ಇರೋ ಒಂದು ಇಟ್ಟಿಗೆ ಮನೆಯಿಂದ ಹೊರಗೆ ಬರ್ತಿದ್ದ. ಒಬ್ಳು ಬಾಗಿಲ ತನಕ ಬಂದು ಅವನ ಕೈ ಹಿಡ್ಕೊಂಡು ನಿಂತಿದ್ಲು ಕಣೇ" ಎಂದಿದ್ದಳು. ನೊಲೀನ್ ಆಗ ನಕ್ಕು ಸುಮ್ಮನಾಗಿದ್ದಳು. ಡೆಸ್‌ನಂಥ ಎಣ್ಣೆ ಮೆತ್ತಿದ ಗಂಡಸನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ ಎಂದು. ಈಗ ನಗು ಬರಲಿಲ್ಲ.

ಡೆಸ್ ಬಲಬಾಗಿಲ ಪಕ್ಕ ಮಂಡಿಯೂರಿ, ಸಂದು ಎಲ್ಲೆಡೆ ಸಮವಿದೆಯೇ ಎಂದು ಅದರೊಳಗೆ ಮರದ ಚಕ್ಕೆ ಆಡಿಸುತ್ತಿದ್ದ. ಮೇಲಿನಿಂದ ಕೆಳತನಕ ಎಲ್ಲೂ ಸಿಕ್ಕಿಕೊಳ್ಳದೆ ಚಕ್ಕೆ ಜಾರಿತು. ಇಷ್ಟು ಚೆಂದದ ಕೆಲಸವನ್ನು ಅವನು ಅಂಗಡಿ ಇದ್ದಾಗಲೂ ಮಾಡಿರಲಿಲ್ಲ. ಅದನ್ನು ನೋಡಿ ಅವಳಿಗೆ ಇನ್ನಷ್ಟು ಸಂಕಟವಾಯಿತು.

"ಎಡಗಡೆ ಬಾಗ್ಲು?" ಎಂದಳು.

"ಮುಗೀತು. ಬಿಗಿದಾಯ್ತು."

"ಖಾಲಿ ಸೀಟಿಗೇ?"

ಚಕ್ಕೆ ನಿಂತಿತು. "ಹೂಂ."

"ಜೀವಮಾನವೆಲ್ಲ ನಿನಗೆ ಮರಳು ತುಂಬಿಕೊಟ್ಟಿದ್ದೀನಿ ಕಣೋ. ನನಗೆ ಅರ್ಥ ಆಗಲ್ಲ ಅಂದ್ಕೊಂಡ್ಯಾ?"

"ಆಗುತ್ತೆ ಅಂತ ಗೊತ್ತಿತ್ತು," ಎಂದ ಡೆಸ್, ತಲೆ ಎತ್ತದೆ. "ಬಾಯಿ ಬಿಟ್ಟು ಹೇಳೋಕೆ ಧೈರ್ಯ ಬರ್ಲಿಲ್ಲ."

ಸುಳ್ಳನ್ನಾದರೂ ಹೇಳುತ್ತಾನೆ ಎಂದು ಅವಳು ಕಾದಿದ್ದಳು. ಅದೂ ಬರಲಿಲ್ಲ. ಶೆಡ್ಡಿನ ತಗಡು ಬಿಸಿಲಿಗೆ ಚಟಚಟ ಎನ್ನುತ್ತಿತ್ತು.

"ಯಾವಾಗ?"

"ಕ್ರಿಸ್‌ಮಸ್ ಒಳಗೆ."

"ಆ ಇಟ್ಟಿಗೆ ಮನೆಯವಳು ಗೊತ್ತುಮಾಡಿದ್ಲಾ?"

ಡೆಸ್ ಬೆಚ್ಚಿ ಅವಳನ್ನು ನೋಡಿದ. "ಅವಳೇ ಹೇಳಿದ್ದು. ಒಳ್ಳೇ ಹೆಂಗಸು, ನೊಲ್. ನಿನ್ನನ್ನೂ ಒಂದ್ಸಲ ಕರ್ಕೊಂಡ್ ಬಾ ಅಂತಾನೇ ಇದ್ಲು" ಎಂದ.

"ಥೂ, ನಾಚಿಕೆಗೆಟ್ಟೋನೇ! ನಾನು ಬಂದು ಆರತಿ ಎತ್ಬೇಕಾ ನಿಮ್ಮಿಬ್ರಿಗೆ?"

ಚಹಾದ ಲೋಟ ನೆಲಕ್ಕೆ ಬಿತ್ತು. ಅವಳು ಬಲಬಾಗಿಲನ್ನು ಜಗ್ಗಿ ತೆರೆದು, ಬೆಲ್ಟ್ ಕಿತ್ತು, ಮೂಟೆಯನ್ನು ಎರಡೂ ಕೈಯಲ್ಲಿ ತಬ್ಬಿ ಎಳೆಯತೊಡಗಿದಳು. ಅದು ಅಲುಗಲಿಲ್ಲ. ಅಳು ನುಗ್ಗಿ ಬಂತು, ಅಳುತ್ತಲೇ ಎಳೆದಳು. ಈ ವಯಸ್ಸಿನಲ್ಲಿ, ಖಾಲಿ ಮನೆಯಲ್ಲಿ, ಹಳದಿ ಪರದೆಗಳನ್ನು ಏನು ಮಾಡುವುದು?

"ನೀನು ಈ ಸೀಟಲ್ಲಿ ಕೂತು ಹೇಗೆ ಹೋಗ್ತೀಯೋ ನಾನೂ ನೋಡ್ತೀನಿ!"

"ನಾನು ಕೂರಲ್ಲ ಕಣೇ," ಎಂದು ಡೆಸ್ ಎದ್ದು ಅವಳ ಮಣಿಕಟ್ಟು ಹಿಡಿದ. ತಗಡು ಬಡಿದು ಬಡಿದು ಗಟ್ಟಿಯಾಗಿದ್ದ ಆ ಕೈಯಲ್ಲಿ ಈಗ ಬಲವೇ ಇರಲಿಲ್ಲ.

"ಅವಳು ಸಾಯೋರನ್ನ ನೋಡ್ಕೊಳ್ಳೋ ನರ್ಸು, ನೊಲ್. ಈ ಮೂಟೆ ನಂದಲ್ಲ, ನಿಂದು."