ಮಣ್ಣು ತೊಳೆಯುವ ಮೇಸ್ತ್ರಿ

ಮೇಸ್ತ್ರಿ ಓಡಿ ಬಂದವನೇ ತಂಗಿಯ ಗಂಡನ ಕೊರಳಪಟ್ಟಿಗೆ ಕೈ ಹಾಕಿದ. ಬೆರಳ ಗುರುತು ಉಳಿಯದ ರಬ್ಬರ್ ಗವಸಿನ ಕೈ. ಆ ರಭಸಕ್ಕೆ ಮೂರು ಊರಿನ ಕಿಟಕಿ ನಡುಗಿದವು ಎಂದರೆ ಕಡಿಮೆಯೇ ಹೇಳಿದಂತೆ.

ಹಳೆಯ ಕೀಟನಾಶಕ ಗೋದಾಮಿನ ಮಣ್ಣು ತೊಳೆಯುವ ಜಾಗ ಅದು. ಸಾಬೂನು ನೀರು ಹಾಕಿ ಮಣ್ಣನ್ನು ಡ್ರಮ್ಮಿನಲ್ಲಿ ತಿರುಗಿಸಿದರೆ ವಿಷ ನೀರಿಗಿಳಿಯುತ್ತದೆ. ಆ ಕೊಳೆನೀರು ತೊಟ್ಟಿ ಸೇರಿ, ಇದ್ದಿಲಿನಲ್ಲಿ ಸೋಸಿ ಹೊರಬೀಳುತ್ತದೆ. ಅಲ್ಲಿ ಮೇಸ್ತ್ರಿಯ ಮಾತೇ ಕಾನೂನು.

"ಇನ್ನೊಂದ್ಸಲ ನನ್ನ ಮಾತು ಮೀರಿ ನೋಡಿ ಭಾವ, ನನ್ನ ಕೈಲೇ ಗತಿ ಕಾಣಿಸ್ತೀನಿ!" ಎಂದು ಬೆಳಿಗ್ಗೆಯಷ್ಟೇ ಅಬ್ಬರಿಸಿದ್ದ. ಭಾವ ನಕ್ಕು, ತನ್ನ ಕೈಗವಸನ್ನು ಕಳಚಿ ಅವನ ಕಾಲಬಳಿ ಎಸೆದು ಹೋಗಿದ್ದ.

ಈಗ ಆ ನಗು ಇರಲಿಲ್ಲ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಯಮನನ್ನು ಎದುರಿಗೇ ಕಂಡವನ ಮುಖ.

"ಏನೂ ಆಗಿಲ್ಲ, ಬಿಡಿ..."

"ಬಾಯಿ ಮುಚ್ರಿ!"

ಅಂಗಿ ಪರ್ರೆಂದು ಹರಿಯಿತು. ಬೂಟುಗಳು ದಿಕ್ಕಿಗೊಂದರಂತೆ ಹಾರಿದವು. ಭಾವ ಮೊಣಕೈ ಬೀಸಿದ. ಮೇಸ್ತ್ರಿಯ ಹಲ್ಲೊಂದು ಕಳಚಿ ರಕ್ತದ ಕೋಡಿಯೇ ಹರಿಯಿತು. ಹತ್ತು ಗೂಳಿಗಳ ಬಲದ ಆಸಾಮಿ ಅದಕ್ಕೆಲ್ಲ ಜಗ್ಗುವವನೇ? ಭಾವನ ತೋಳು ತಿರುಚಿ, ಗೋಡೆಗೆ ಅದುಮಿ, ದಪ್ಪ ಪೈಪಿನ ನೀರನ್ನು ಮುಖಕ್ಕೇ ಬಿಟ್ಟ.

"ಚರಂಡಿ ಮುಚ್ಚು!" ತಂಗಿಗೆ ಕೂಗಿದ. "ಒಂದು ಹನೀನೂ ಹೊರಗೆ ಹೋಗ್ಬಾರ್ದು, ಎಲ್ಲಾ ತೊಟ್ಟಿಗೇ!"

ಪಳಗಿದ ಕೊಲೆಗಾರನಿಗೂ ಇಷ್ಟು ಎಚ್ಚರ ಇರುವುದಿಲ್ಲ.

ನೀರು ಪರೀಕ್ಷಿಸುವ ಕೆಲಸದ ತಂಗಿ ಚರಂಡಿ ಮುಚ್ಚಿದಳು. ಗಂಡ ಒದ್ದಾಡುತ್ತಿದ್ದರೂ ಅವಳ ಕಣ್ಣು ಗೋಡೆ ಗಡಿಯಾರದ ಮೇಲೆ. ಅಣ್ಣ ಕೈ ಚಾಚಿದಾಗ, ಗೋಡೆಯ ಪೆಟ್ಟಿಗೆಯಿಂದ ಸಿರಿಂಜು ತೆಗೆದು ಕೊಟ್ಟಳು.

"ನೀನೂನಾ?" ಗಂಡ ತೊದಲಿದ. "ಅಣ್ಣ ತಂಗಿ ಸೇರ್ಕೊಂಡು ಕೊಲ್ತಿದೀರಾ?"

"ಅಲ್ಲಾಡ್ಬೇಡಿ ರೀ. ಬೇಗ ಮುಗಿಯುತ್ತೆ."

ಸೂಜಿ ತೊಡೆಗೆ ನಾಟಿತು. ಆ ಕಿರುಚಾಟಕ್ಕೆ ಆಕಾಶವೇ ಬಿರುಕು ಬಿಟ್ಟಿತು. ಮತ್ತೆ ನೀರು, ಮತ್ತೆ ಗುದ್ದಾಟ. ಕೊನೆಗೆ ಭಾವ ಗೋಡೆಗುಂಟ ಜಾರಿ ಕುಸಿದ. ಮಿಸುಕಲಿಲ್ಲ.

ತಂಗಿ ಬಗ್ಗಿ ಅವನ ಕಣ್ಣರೆಪ್ಪೆ ಎತ್ತಿ ನೋಡಿದಳು. "ಹದಿನೈದು ನಿಮಿಷ ಆಯ್ತಣ್ಣ, ನೀರು ನಿಲ್ಸು. ಸೂಜಿಮದ್ದಿಗೆ ಪಾಪೆ ಅರಳ್ತು, ಉಸಿರು ಸರಿಯಾಯ್ತು. ಕೈಗವಸು ಬಿಸಾಡಿ ಇವರು ಮೈಮೇಲೆ ಚೆಲ್ಕೊಂಡ ವಿಷ ಇಳೀತು, ಬದುಕ್ಕೊಂಡ್ರು. ಆಸ್ಪತ್ರೆ ಗಾಡಿ ಬರೋದ್ರೊಳಗೆ ನಿನ್ನ ಹಲ್ಲು ಹುಡುಕೋಣ ಬಾ."