ಮೂರು ಮಾರು ತಂತಿ

ಶಹಾಪುರದ ನನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ಇಂದಿಗೂ ನನಗೆ ನಾರಾಯಣಪುರದ ಕ್ವಾರ್ಟರ್ಸಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಶಾಲೆಯ ಟೀಚರ್. ಮನೆಯಿಂದಲೇ ದೂರದೂರಿನವರೊಡನೆ ಮಾತಾಡುವ ಹವ್ಯಾಸಿ ರೇಡಿಯೊ, ಹ್ಯಾಮ್ ರೇಡಿಯೊ, ಅವಳ ಹುಚ್ಚು. ಬೇವಿನ ಮರದಿಂದ ನೀರಿನ ಟಾಕಿಯವರೆಗೆ ಕಟ್ಟಿದ್ದ ಆ್ಯಂಟೆನಾ ತಂತಿಗೆ ಹತ್ತಿರದ ಊರುಗಳಷ್ಟೇ ಸಿಗುತ್ತಿದ್ದವು. ದೂರದೇಶದ ದನಿ ಹಿಡಿಯಲು ಸಮ ಉದ್ದದ ಇನ್ನೊಂದು ಜೋಡಿ ತಂತಿ ಸೇರಿಸಬೇಕಿತ್ತು.

"ಮೂರ್ ಮೂರು ಮಾರಿನ ಎರಡು ತುಂಡು ಕತ್ತರಿಸವಾ," ಎಂದಳು ಅವ್ವ ಏಣಿಯ ಮೇಲಿಂದ.

ನಾನು ಎರಡೂ ಕೈ ಅಗಲಿಸಿ, ಮೂರು ಸಲ ಅಳೆದು ಕತ್ತರಿಸಿದೆ. ಎತ್ತಿ ಹಿಡಿದರೆ ಎರಡೂ ಗಿಡ್ಡ. ಅಳೆದದ್ದು ಎಂಟು ವರ್ಷದವಳ ಕೈ! ಅಪ್ಪ ಹೈದರಾಬಾದಿನಿಂದ ತರಿಸಿಕೊಟ್ಟಿದ್ದ ತಾಮ್ರದ ತಂತಿ ಅದು. ನನ್ನ ಕಣ್ಣು ತುಂಬಿ ಬಂದವು.

"ಅಳಬ್ಯಾಡ. ಎರಡೂ ಸಮ ಕತ್ತರಿಸೀದಿ, ಅದ ದೊಡ್ಡದು," ಎಂದು ಅವ್ವ ಕೆಳಗಿಳಿದು, ಉಳಿದ ಚೂರುಗಳನ್ನು ಬೆಸೆದು ಎರಡನ್ನೂ ಉದ್ದ ಮಾಡಿದಳು.

ಸಂಜೆ ಮಸ್ಕತ್ತಿನಲ್ಲಿದ್ದ ಕನ್ನಡಿಗರೊಬ್ಬರ ದನಿ ಸ್ಪಷ್ಟವಾಗಿ ಬಂತು. "ನಿಮ್ಮ ಸಿಗ್ನಲ್ ತುಂಬಾ ಚೆನ್ನಾಗಿದೆ ಮೇಡಂ, ಯಾವ ಆ್ಯಂಟೆನಾ?"

ಅವ್ವ ನನ್ನನ್ನು ಹತ್ತಿರ ಎಳೆದುಕೊಂಡಳು.

"ನನ್ನ ಮಗಳು ಅಳದು ಕತ್ತರಿಸ್ಯಾಳ್ರಿ," ಎಂದಳು. ಚೂರು ಜೋಡಿಸಿದ ಮಾತನ್ನೇ ಎತ್ತಲಿಲ್ಲ.